ಹಾವು ಹೊಡಿಯೋದ ಬಿಟ್ಟ ಮ್ಯಾಲೆ ತೋಟದ ಮನಿಯಾಗ ಹ್ಯಾಂಗ ಇದ್ದೀವಿ: ನನ್ನ ಅನುಭವ

ಮುಧೋಳ ತಾಲೂಕಿನಾಗ ಘಟಪ್ರಭಾ ಹೊಳಿ ದಂಡಿಗೆ ನಮ್ಮ ಹೊಲ, ಏಳೆಂಟ ಎಕರೆ ಕಬ್ಬು, ನಡುವ ತೋಟದ ಮನಿ. ಹಾವು ಹೊಡಿಯೋದ ಬಿಟ್ಟು ಮೂರ್ನಾಕ ವರ್ಷ ಆತು. "ಒಂದಿನ ನಿನ್ನ ಹೊರಸಿನ ಮ್ಯಾಲೇ ಬಂದು ಮಲಗತಾವ ತಮ್ಮಾ" ಅಂತಿದ್ದ ನಮ್ಮ ಕಾಕಾ ಮೊನ್ನೆ ತಾನೇ ಬಂದು ನಮ್ಮ ಬಣವಿ ಕಟ್ಟಿ ಅಳತಿ ತಗೊಂಡ ಹೋದ, ಅದಕ್ಕ ಬರಿಯಾಕತ್ತೀನಿ.

ಮೊದಲ ರೊಕ್ಕ ಎಲ್ಲೆಲ್ಲಿ ಹಾಳಾತು ಹೇಳ್ತೀನಿ. ಫಿನಾಯಿಲ್, ಡಾಂಬರ ಗುಳಿಗಿ, ಬಳ್ಳೊಳ್ಳಿ ನೀರು, ಕಾರ್ಬಾಲಿಕ್ ಆ್ಯಸಿಡ್, ಒಂದೂ ಬಿಟ್ಟಿಲ್ಲ, ವಾಸನಿಗೆ ನಾವ ಹೊರಗ ಓಡಬೇಕಾತೇ ಹೊರತು ಹಾವು ಓಡಲಿಲ್ಲ. ಆಮ್ಯಾಲೆ ಆನ್‌ಲೈನ್‌ನಾಗ ಸೋಲಾರ್ ಗೂಟ ತರಿಸಿದೆ, ನೆಲ ನಡಗತೈತಿ ಹಾವು ಹತ್ರ ಬರಂಗಿಲ್ಲ ಅಂತ ಬರದಿದ್ರು, ಒಂದಕ್ಕ 1200ರ ಆಜುಬಾಜು. ತಿಂಗಳದಾಗ ಅದರ ಬುಡದಾಗೇ ಕೇರಿ ಹಾವು ಪೊರಿ ಬಿಟ್ಟ ಹೋಗಿತ್ತು! ನೈಲಾನ್ ಬಲಿ ಕಟ್ಟೋದಂತೂ ಬ್ಯಾಡೇ ಬ್ಯಾಡ, ಅದರಾಗ ಸಿಕ್ಕೊಂಡ ಹಾವು ಹೊಳ್ಳಿ ಹೊರಗ ಬರಂಗಿಲ್ಲ, ಬಿಡಸಾಕ ಹೋದವನ ಕೈಗೇ ಗಂಡಾಂತರ.

ಹಾವು ಮನಿಗೆ ಬರೋದು ಇಲಿ ಸಲುವಾಗಿ. ನಮ್ಮ ಮನಿ ಗ್ವಾಡಿಗೆ ಹತ್ತಕೊಂಡ ಜ್ವಾಳದ ಕಣಕಿ ಬಣವಿ, ಅದರ ಬಾಜೂಕ ಕುಳ್ಳು, ಒಳಗ ಜ್ವಾಳದ ಚೀಲ, ಇಲಿಗೆ ಇನ್ನೇನ ಬೇಕ್ರಿ. ಬಣವಿನ ಒಂದ 60 ಫೂಟ ದೂರ ಒಯ್ದೆ, ಕಲ್ಲಿನ ಕಂಬ ನಿಲ್ಲಿಸಿ ಮ್ಯಾಲೆ ಫರಸಿ ಹಾಸಿ ಎರಡ ಫೂಟ ಎತ್ತರ ಮಾಡಿ ಒಟ್ಟಿದೆ, ಕೆಳಗ ನಾಯಿ ಬೆಕ್ಕು ಅಡ್ಡಾಡಬೇಕು ಹಂಗ. ಜ್ವಾಳ ತಗಡಿನ ಡ್ರಮ್ಮಿಗೆ, ಬಚ್ಚಲ ಮೋರಿಗೆ ಜಾಳಗಿ, ಬಾಗಲ ಕೆಳಗ ರಬ್ಬರ್ ಪಟ್ಟಿ. ಗೌಂಡಿ ಕೂಲಿ ಹಿಡದು 14-15 ಸಾವಿರ ಬಿತ್ತು. ಕಂಬದ ಮ್ಯಾಲೆ ಇಲಿ ಹತ್ತದಂಗ ಏನ ಮಾಡೀನಿ ಅನ್ನೋದ ಈಗ ಹೇಳಂಗಿಲ್ಲ, ಇನ್ನೊಂದ ಮಳಿಗಾಲ ನೋಡಿ ಹೇಳ್ತೀನಿ. ಇಲಿ ಔಷಧ ಮಾತ್ರ ಇಡಬ್ಯಾಡ್ರಿ, ಆ ಇಲಿ ತಿಂದ ಬೆಕ್ಕು ಗೂಗಿನೂ ಸಾಯ್ತಾವ. ಹೊಲದಾಗ ಹಾವು ಉಳದಿದ್ದಕ್ಕ ಕಬ್ಬಿನ ಬುಡ ಕಡಿಯೋ ಇಲಿ ಕಡಿಮಿ ಆಗಿ ಎಕರೆಗೆ ಒಂದ ಟನ್ನಾದ್ರೂ ಉಳದಿರಬೇಕು, ಟನ್ನಿಗೆ 3000 ಹಿಡೀರಿ, ನೀವ ಲೆಕ್ಕ ಹಾಕ್ರಿ.

ಗುರುತ ಹಿಡಿಯೋದ್ರಾಗ ಎಲ್ಲಾರೂ ಎಡವೋದು ಎರಡ ಕಡೆ. ಒಂದು ಕಡಂಬಳ, ಅಂದ್ರ ಕ್ರೇಟ್, ಮತ್ತ ತೋಳದ ಹಾವು. ಎರಡಕ್ಕೂ ಬಿಳಿ ಪಟ್ಟಿ. ಕಡಂಬಳಕ್ಕ ಕುತ್ತಿಗಿ ಕಡೆ ಪಟ್ಟಿ ಮಸಕು ಇಲ್ಲಾ ಇರೋದೇ ಇಲ್ಲ, ಬಾಲದ ಕಡೆ ಹೋದಂಗ ಸ್ವಚ್ಛ ಕಾಣತಾವ, ಭಾಳ ಸಲ ಜೋಡಿ ಜೋಡಿ. ತೋಳದ ಹಾವಿಗೆ ಉಲ್ಟಾ, ಕುತ್ತಿಗಿ ಹತ್ರಾನೇ ದಪ್ಪ ಪಟ್ಟಿ, ಬಾಲದ ಕಡೆ ಮಾಸತಾವ, ಗ್ವಾಡಿ ಹತ್ತೋದ್ರಾಗೂ ಶಾಣ್ಯಾ, ವಿಷ ಇಲ್ಲ. ಇನ್ನೊಂದು ಕೊಳಕ ಮಂಡಲ ಮತ್ತ ಮಣ್ಣಮುಕ್ಕ. ಮಂಡಲಕ್ಕ ಬೆನ್ನ ಮ್ಯಾಲೆ ಮೂರ ಸಾಲ ಸರಪಳಿ ಚುಕ್ಕಿ, ಕುಕ್ಕರ್ ಸೀಟಿ ಬಿಟ್ಟಂಗ ಬುಸುಗುಟ್ಟತೈತಿ. ಮಣ್ಣಮುಕ್ಕಕ್ಕ ಚುಕ್ಕಿ ಅಡ್ಡಾದಿಡ್ಡಿ, ಬಾಲ ಗಿಡ್ಡ. ಅನುಮಾನ ಬಂದ್ರ ವಿಷದ್ದೇ ಅಂತ ತಿಳ್ಕೊಂಡು ದೂರ ನಿಂತು ಫೋಟೋ ಹೊಡಿರಿ, ಹಾವ ಹಿಡಿಯೋರಿಗೆ ಕಳಸ್ರಿ, ಸಾಕು. ನಮ್ಮ ಕಡೆ ಬರೋನು ಪೆಟ್ರೋಲ್ ಖರ್ಚಂತ 500 ತಗೋತಾನ.

ನಮ್ಮ ಕಡೆ ಪಂಪಿನ ತ್ರೀಫೇಸ್ ಕರೆಂಟ್ ಭಾಳ ಸಲ ರಾತ್ರಿನೇ ಕೊಡ್ತಾರ, ನೀರ ಹಾಯ್ಸಾಕ ಕತ್ತಲದಾಗೇ ಹೋಗಬೇಕು. 400 ರೂಪಾಯಿ ಗಂಬೂಟ್, ಒಂದ ಛಲೋ ಬ್ಯಾಟರಿ. ರವದಿ, ಅಂದ್ರ ಕಬ್ಬಿನ ಒಣ ಗರಿ, ಸುಡೋದ ಬಿಟ್ಟೀನಿ, ಅದರಾಗ ಮಂಡಲ ಕೂಡತಾವ ಅನ್ನೋದೂ ಖರೇ, ಅದಕ್ಕ ಅಡ್ಡಾಡೋ ಒಡ್ಡಿನ ಗುಂಟ ನಾಕ ಫೂಟ ಬೋಳ ಇಡ್ತೀನಿ. ಕಬ್ಬ ಕಡಿಸೋವಾಗ ಸುತ್ತಲಿಂದ ಕಡಕೋತ ನಡುವ ಉಳಿಸಬಾರದು, ಇದ್ದಬದ್ದ ಹಾವೆಲ್ಲ ಅಲ್ಲೇ ಕೂಡತಾವ. ರಸ್ತೆ ಕಡೆಯಿಂದ ಚಾಲೂ ಮಾಡಿ ಹಳ್ಳದ ಕಡೆ ಹೋಗ್ರಿ, ತಾವೇ ಇಳದ ಹೋಗ್ತಾವ. ಗ್ಯಾಂಗಿನವರು ಮೊದಲ ನಕ್ಕರು, ಈಗ ಬಂದ ಕೂಡ್ಲೇ "ಎಲ್ಲಿಂದ ಹಚ್ಚೂಣ್ರಿ" ಅಂತ ಅವರೇ ಕೇಳ್ತಾರ.

ಇಲಿ ಹಿಡಿಯೋ ಗೂಗಿ ಕೂಡಲಿ ಅಂತ ಟಿ ಆಕಾರದ ಕಟ್ಟಗಿನೂ ಹುಗದೀನಿ. ಹಗಲಿ ಕಾಜಾಣ, ರಾತ್ರಿ ಯಾವಾಗರ ಒಂದ ಗೂಗಿ, ಇನ್ನೂ ಲೆಕ್ಕಕ್ಕ ಬಂದಿಲ್ಲ.

ಮಳಿಗಾಲದಾಗ ನೆಲದ ಮ್ಯಾಲೆ ಯಾರೂ ಮಲಗಂಗಿಲ್ಲ, ಹೊರಸು, ಸೊಳ್ಳಿ ಪರದೆ ಹಾಸಗಿ ಕೆಳಗ ಒತ್ತಿ ಸಿಗಿಸಿದ್ದು. ಕಡಂಬಳ ಕಡದ್ರ ಭಾಳ ಸಲ ನೋವೂ ಇರಂಗಿಲ್ಲ, ಗಾಯಾನೂ ಕಾಣಂಗಿಲ್ಲ, ನಸಕಿನ್ಯಾಗ ಹೊಟ್ಟಿ ನೋವು ಬಂದು ಕಣ್ಣರೆಪ್ಪಿ ಜೋತ ಬಿದ್ರ ಹಾವಂತ ಹಿಡೀರಿ. ಹಗ್ಗ ಬಿಗಿಯೋದು, ಕೊಯ್ಯೋದು, ಮಂತ್ರ, ಯಾವದೂ ಬ್ಯಾಡ, ಸೀದಾ ಸರಕಾರಿ ದವಾಖಾನಿ. ನಾಗರ, ಕಡಂಬಳ, ಕೊಳಕ ಮಂಡಲ, ಗರಗಸ ಮಂಡಲ, ಈ ನಾಕೂ ವಿಷದ ಹಾವಿಗೆ ಒಂದೇ ಇಂಜೆಕ್ಷನ್, ಯಾವ ಹಾವು ಅಂತ ಹೊಡದ ಒಯ್ಯೋದ ಬೇಕಿಲ್ಲ. 2024ರಿಂದ ನಮ್ಮ ರಾಜ್ಯದಾಗ ಹಾವ ಕಡದ ಕೇಸ್ ಎಲ್ಲಾ ದವಾಖಾನಿಯವರು ವರದಿ ಮಾಡಲೇಬೇಕು.

ಬಾದಾಮಿ, ವಿಜಯಪುರ ಕಡೆ ಮಡ್ಡಿ, ಅಂದ್ರ ಕಲ್ಲಿನ ಹೊಲದವರಿಗೆ ನನ್ನ ಬಣವಿ ಲೆಕ್ಕ ಪೂರಾ ಸಾಲಂಗಿಲ್ಲ. ಆ ನಾಕರಾಗ ನಾಕನೇದು ಗರಗಸ ಮಂಡಲ, ಅಂಗೈ ಉದ್ದಿಂದೂ ಇರತೈತಿ, ಕಲ್ಲಿನ ಬುಡದಾಗೇ ಅದರ ಮನಿ. ಒಡ್ಡಿನ ಕಲ್ಲಿಗೆ ಬರೀ ಕೈ ಹಾಕಬ್ಯಾಡ್ರಿ, ಸಲಾಕಿಲೆ ನಿಮ್ಮ ಕಡೆ ಎತ್ತರಿ, ಅಂದ್ರ ಹಾವಿಗೂ ನಿಮಗೂ ನಡುವ ಕಲ್ಲ ಅಡ್ಡ ಇರತೈತಿ. ಒಳಗಿಂದ ಚರ್ ಚರ್ ಅಂತ ತಿಕ್ಕಿದಂಗ ಸಪ್ಪಳ ಬಂತು, ಆ ಕಲ್ಲ ಅಲ್ಲೇ ಬಿಟ್ಟ ಬರ್ರಿ.