ಹಳೇ ಕಾಂಟೆಸ್ಸಾ ರಿಪೇರಿ: ಕರಾವಳಿಯಲ್ಲಿ ಕೆಲಸ ಅಡಿಯಿಂದ ಶುರುವಾಗಲಿ

ತೊಂಬತ್ತರ ದಶಕದಲ್ಲಿ ಮಂಗಳೂರಿನ ಕಾಲೇಜು ಹುಡುಗರಿಗೆ ಸ್ಪೋರ್ಟ್ಸ್ ಕಾರು ಅಂದರೆ ಕಾಂಟೆಸ್ಸಾ. ಎರಡೇ ಸೀಟಿನ ನಿಜವಾದ ಸ್ಪೋರ್ಟ್ಸ್ ಕಾರನ್ನು ನಮ್ಮ ಕಡೆ ಕಂಡವರೇ ಕಡಿಮೆ. ಉದ್ದದ ಬಾನೆಟ್, ಹಿಂದಿನ ಚಕ್ರಕ್ಕೆ ಡ್ರೈವ್, ಇಸುಜು 1.8 ಎಂಜಿನ್ನಿನ ಸದ್ದು. ನಮಗೆ ಅಷ್ಟು ಸಾಕಿತ್ತು. ಬ್ರಿಟನ್ನಿನ ವಾಕ್ಸ್‌ಹಾಲ್ ಕಾರಿನ ಬಾಡಿ ಇಟ್ಟುಕೊಂಡು ಹಿಂದೂಸ್ಥಾನ್ ಮೋಟಾರ್ಸ್ ಇದನ್ನು 1984ರಲ್ಲಿ ತಂದಿತು. 2002ರಲ್ಲಿ ತಯಾರಿ ನಿಂತಿತು. ಈಗ ಕೈಗೆ ಸಿಗುವ ಕಾಂಟೆಸ್ಸಾಗಳಲ್ಲಿ ಅತಿ ಹೊಸದಕ್ಕೂ 20 ವರ್ಷ ದಾಟಿದೆ.

ಈಚೆಗೆ ಉಡುಪಿ, ಮಂಗಳೂರಿನ ಹುಡುಗರು ಮತ್ತೆ ಈ ಕಾರುಗಳನ್ನು ಹುಡುಕಿ ತರುತ್ತಿದ್ದಾರೆ. ಖುಷಿಯ ವಿಷಯ. ಆದರೆ ನನ್ನ ಕಣ್ಣೆದುರೇ ನಾಲ್ಕು ಒಳ್ಳೆಯ ಕಾರುಗಳು ಒಂದೇ ರೀತಿಯಲ್ಲಿ ಹಾಳಾದವು. ಮೊದಲು ಅಲಾಯ್ ವೀಲ್, ಆಮೇಲೆ ಎಂಜಿನ್, ಆಮೇಲೆ ಪೇಂಟು. ಅಡಿಭಾಗವನ್ನು ಯಾರೂ ಬಗ್ಗಿ ನೋಡಲಿಲ್ಲ. ನನ್ನ ಮಾವನ ಕಾರು ಕೂಡ ಅದರಲ್ಲಿ ಒಂದು. ಪೇಂಟು ಕನ್ನಡಿಯ ಹಾಗಿತ್ತು. ಎರಡನೇ ಮಳೆಗಾಲ ಕಳೆದ ಮೇಲೆ ಮನೆಯಂಗಳದಲ್ಲಿ ಟಯರ್ ಬದಲಿಸಲು ಜಾಕ್ ಕೊಟ್ಟೆವು. ಕಾರು ಮೇಲೆ ಏಳಲಿಲ್ಲ, ಜಾಕೇ ಒಳಗೆ ಹೋಯಿತು. ಬಾಗಿಲಿನ ಕೆಳಗಿನ ಪಟ್ಟಿಯೊಳಗಿಂದ ಫೈಬರ್ ಮ್ಯಾಟ್ ಮತ್ತು ಮಡಚಿದ ಪೇಪರ್ ಹೊರಬಂತು. ಆ ಗ್ಯಾರೇಜಿನವರು ತುಕ್ಕನ್ನು ತೆಗೆದೇ ಇರಲಿಲ್ಲ, ಮುಚ್ಚಿದ್ದರು ಅಷ್ಟೇ. ಆವತ್ತಿನ ಮಾವನ ಮುಖ ನನಗೆ ಇನ್ನೂ ನೆನಪಿದೆ. ಈ ಲೇಖನ ಬರೆಯುತ್ತಿರುವುದೇ ಅದಕ್ಕಾಗಿ.

ಮೊದಲು ಕ್ಯಾಲೆಂಡರ್ ನೋಡಿ

ದೀಪಾವಳಿ ಕಳೆದ ಮೇಲೆ ಕಾರು ಬಿಚ್ಚಿ. ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ ಅಡಿಭಾಗದ ಪ್ರೈಮರ್ ಆಗಿರಬೇಕು. ಜೂನ್‌ನಲ್ಲಿ ಬರೀ ತಗಡು ತೆರೆದಿಟ್ಟರೆ ರಾತ್ರಿ ಉಜ್ಜಿದ ಜಾಗ ಬೆಳಿಗ್ಗೆ ಕೆಂಪಾಗಿರುತ್ತದೆ. ಆ ಹೊತ್ತಿಗೆ ಮುಗಿಯುವುದಿಲ್ಲ ಅನಿಸಿದರೆ ಕಾರನ್ನು ಹಾಗೇ ಮುಚ್ಚಿಟ್ಟು ಮುಂದಿನ ವರ್ಷ ಶುರು ಮಾಡಿ. ಜುಲೈ-ಆಗಸ್ಟ್‌ನ ಆಟಿ ತಿಂಗಳಲ್ಲಿ ಎಂಜಿನ್, ಸೀಟು, ವೈರಿಂಗ್ ಕೆಲಸ ಮಾಡಬಹುದು. ಅವಕ್ಕೆ ಬಿಸಿಲು ಬೇಡ.

ಕೊಳ್ಳುವಾಗ

ಒಂದು ಅಯಸ್ಕಾಂತ, ಒಂದು ಸ್ಕ್ರೂ ಡ್ರೈವರ್, ಒಂದು ಟಾರ್ಚ್. ಇಷ್ಟು ಹಿಡಿದುಕೊಂಡು ಹೋಗಿ. ಅಯಸ್ಕಾಂತ ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಪುಟ್ಟಿ ಅಥವಾ ಫೈಬರ್ ಇದೆ. ಕಾರ್ಪೆಟ್ ಎತ್ತಿ, ಪೆಡಲ್ ಹತ್ತಿರದ ಫ್ಲೋರನ್ನು ಸ್ಕ್ರೂ ಡ್ರೈವರಿನಿಂದ ಒತ್ತಿ. ಮಾಲೀಕರು ಬೇಡ ಅಂದರೆ ಆ ಕಾರು ಬಿಟ್ಟುಬಿಡಿ. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡೂ ಕಾರಿನಲ್ಲಿ ಇರುವುದಕ್ಕೆ ತಾಳೆಯಾಗಬೇಕು. ಸಾಧ್ಯವಾದರೆ ಘಟ್ಟದ ಮೇಲಿನ ಕಾರು ತನ್ನಿ. ಹಾಸನ, ಮೈಸೂರಿನ ಕಾರಿಗೆ 20 ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಆ ಹಣ ವೆಲ್ಡಿಂಗಿನಲ್ಲೇ ಉಳಿಯುತ್ತದೆ.

ಬಿಚ್ಚುವುದು

ಪ್ರತಿ ಬೋಲ್ಟ್ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬೋಲ್ಟುಗಳನ್ನು ಬೇರೆ ಬೇರೆ ಕವರಿನಲ್ಲಿ ಹಾಕಿ ಹೆಸರು ಬರೆಯಿರಿ. ಅಷ್ಟೇ.

ತುಕ್ಕು: ಇಲ್ಲಿ ನಿಧಾನ ಮಾಡಿ

ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರಾಗುವುದನ್ನು ನೋಡಿದ್ದೀರಿ ಅಲ್ವಾ? ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದು ಕರಗುತ್ತದೆ. ಕಾರಿನ ಅಡಿಯಲ್ಲಿ ನಡೆಯುವುದೂ ಅದೇ. ಕಡಲ ಗಾಳಿಯ ಉಪ್ಪು ತಗಡಿನ ಸಂದಿಯಲ್ಲಿ ಕೂರುತ್ತದೆ. ಮೀನಿನ ಲಾರಿಗಳಿಂದ ಹೆದ್ದಾರಿಗೆ ಸುರಿಯುವ ಉಪ್ಪುನೀರು ಚಕ್ರದಿಂದ ಚಿಮ್ಮಿ ಅಲ್ಲಿಗೇ ಸೇರುತ್ತದೆ. ಹೀಗಾಗಿ ಮಳೆ ಇಲ್ಲದ ದಿನವೂ ಆ ಸಂದಿ ಒದ್ದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಅದಕ್ಕೇ ಜೋಡಿಸಿದ ಎರಡು ತಗಡುಗಳು ತಾವಾಗಿಯೇ ಬಾಯಿ ಬಿಡುತ್ತವೆ.

ಇನ್ನೊಂದು ಮಾತು ಮನಸ್ಸಿನಲ್ಲಿರಲಿ. ಜೀಪಿಗೆ ಬೇರೆ ಚಾಸಿಸ್ ಇರುತ್ತದೆ. ಬಾಡಿ ತುಕ್ಕಾದರೂ ಚಾಸಿಸ್ ಭಾರ ಹೊರುತ್ತದೆ. ಕಾಂಟೆಸ್ಸಾಗೆ ಬಾಡಿಯೇ ಚಾಸಿಸ್. ಬಾಗಿಲಿನ ಕೆಳಗಿನ ಪಟ್ಟಿಯನ್ನು ತಗಡು ಕೆಲಸದ ನಮ್ಮ ಟಿಂಕರ್‌ಗಳು ರನ್ನಿಂಗ್ ಬೋರ್ಡ್ ಅನ್ನುತ್ತಾರೆ. ಅದು ಅಂದಕ್ಕೆ ಇರುವ ಪಟ್ಟಿ ಅಲ್ಲ, ಕಾರಿನ ಬೆನ್ನೆಲುಬು.

ಹುಡುಕಬೇಕಾದ ಜಾಗಗಳು: ಎರಡೂ ರನ್ನಿಂಗ್ ಬೋರ್ಡ್, ಮುಂದಿನ ಫ್ಲೋರ್, ಬ್ಯಾಟರಿಯ ಅಡಿ, ಮುಂದಿನ ಗಾಜಿನ ರಬ್ಬರಿನ ಕೆಳಗೆ, ಹಿಂದಿನ ಚಕ್ರದ ಕಮಾನು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ. ಫ್ಲೋರ್ ಕೊಳೆತಿದ್ದರೆ ಕಾರಣ ಹೆಚ್ಚಾಗಿ ಮೇಲಿರುತ್ತದೆ. ಗಾಜಿನ ರಬ್ಬರ್ ಸೋರಿ ನೀರು ಕಾರ್ಪೆಟ್ ಕೆಳಗಿನ ಫೆಲ್ಟಿಗೆ ಇಳಿದಿರುತ್ತದೆ. ಮಾವಿನ ಮರದಡಿ ನಿಲ್ಲಿಸುವ ಕಾರಾದರೆ ವೈಪರ್ ಬುಡದ ನೀರಿನ ದಾರಿಯಲ್ಲಿ ತರಗೆಲೆ ತುಂಬಿರುತ್ತದೆ. ಸೋರಿಕೆ ನಿಲ್ಲಿಸದೆ ಹೊಸ ಫ್ಲೋರ್ ಹಾಕಿದರೆ ಅದೂ ಕೊಳೆಯುತ್ತದೆ.

ಕತ್ತರಿಸುವ ಮೊದಲು ಕಾರನ್ನು ಮಟ್ಟಸ ನೆಲದಲ್ಲಿ ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಸ್ಟ್ಯಾಂಡು ಹಿಂದಿನ ಆಕ್ಸಲ್ ಮತ್ತು ಮುಂದಿನ ಸಸ್ಪೆನ್ಶನ್ ಕೆಳಗೆ ಬರಲಿ, ಬಾಡಿ ತನ್ನ ಭಾರದಲ್ಲಿ ಕೂತಿರಲಿ. ಇಟ್ಟಿಗೆ ಬೇಡ, ಕೆಂಪು ಕಲ್ಲಂತೂ ಬೇಡವೇ ಬೇಡ. ಅದು ಒಡೆಯುತ್ತದೆ. ಆಮೇಲೆ ಬಾಗಿಲಿನ ಚೌಕಟ್ಟಿಗೆ ಅಡ್ಡವಾಗಿ, ಬಾಗಿಲು ಮುಚ್ಚಲು ತಡೆಯಾಗದ ಹಾಗೆ ಒಳಬದಿಗೆ, ಒಂದಿಂಚಿನ ಚೌಕ ಪೈಪನ್ನು ತಾತ್ಕಾಲಿಕವಾಗಿ ವೆಲ್ಡ್ ಮಾಡಿ. ಮೂಲೆಯಿಂದ ಮೂಲೆಗೆ ಅಳೆದು ಶೆಡ್ಡಿನ ಗೋಡೆಯಲ್ಲಿ ಬರೆದಿಡಿ. ಹೆಚ್ಚಿನವರು ಬಿಡುವುದು ಇದನ್ನೇ. ಪೈಪ್ ಕೊಡದೆ ರನ್ನಿಂಗ್ ಬೋರ್ಡ್ ಕತ್ತರಿಸಿದರೆ ಕಾರು ನಡುವಿನಲ್ಲಿ ಕುಸಿಯುತ್ತದೆ. ಹಾಗೆ ಕುಸಿದ ಮೇಲೆ ಹೊಸ ಪಟ್ಟಿ ಕೂರಿಸಿದಿರೋ, ಬಾಗಿಲು ಆಮೇಲೆ ಯಾವತ್ತೂ ಸರಿಯಾಗಿ ಮುಚ್ಚುವುದಿಲ್ಲ. ಒಂದು ಬದಿ ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಬದಿ ಮುಟ್ಟಿ.

ಪೈಪಿನ ವೆಲ್ಡಿಂಗಿಗೂ ಮೊದಲೇ ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ಶೆಡ್ಡಿನಿಂದಲೇ ಹೊರಗೆ ಸಾಗಿಸಿ. ಬ್ಯಾಟರಿ ತೆಗೆಯಿರಿ. ತಗಡಿನ ಆಚೆ ಬದಿಯಲ್ಲಿ ವೈರ್, ಫೆಲ್ಟ್ ಏನಿದೆ ನೋಡಿ ತೆಗೆಯಿರಿ. ವೆಲ್ಡಿಂಗ್ ಮಾಡುವಾಗ ಒಬ್ಬರು ಒದ್ದೆ ಗೋಣಿ ಹಿಡಿದು ಆಚೆ ಬದಿಯಲ್ಲಿ ನಿಲ್ಲಬೇಕು. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಶೆಡ್ ಬಿಟ್ಟು ಹೋಗಬೇಡಿ. ಇದರಲ್ಲಿ ಯಾವುದನ್ನೂ ಬಿಡುವ ಹಾಗಿಲ್ಲ.

ಕತ್ತರಿಸುವಾಗ ಜಿಪುಣತನ ಬೇಡ. ಕೊನೆಯ ತೂತಿನಿಂದ ಎರಡು ಇಂಚು ಆಚೆ, ಹೊಳೆಯುವ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ. ತೆಳ್ಳಗಾದ ತಗಡಿನ ಮೇಲೆ ವೆಲ್ಡಿಂಗ್ ನಿಲ್ಲುವುದಿಲ್ಲ, ತೂತು ದೊಡ್ಡದಾಗುತ್ತಾ ಹೋಗುತ್ತದೆ. ಚಾಸಿಸ್ ನಂಬರ್ ಕೊರೆದ ಜಾಗಕ್ಕೆ ಮೊದಲೇ ಒಂದು ಹಲಗೆ ತುಂಡು ಕಟ್ಟಿಡಿ. ಗ್ರೈಂಡರ್ ಜಾರಿ ಆ ನಂಬರ್ ಅಳಿದರೆ ಆರ್‌ಟಿಒ ಮುಂದೆ ನಿಮ್ಮ ಕಾರಿಗೆ ಗುರುತೇ ಉಳಿಯುವುದಿಲ್ಲ.

ಹೊಸ ತುಂಡಿಗೆ ಹಳೇ ಕ್ಯಾಲೆಂಡರಿನ ದಪ್ಪ ಹಾಳೆಯಲ್ಲಿ ಅಳತೆ ಕತ್ತರಿಸಿಕೊಳ್ಳಿ. ಫ್ಲೋರಿಗೆ ಮತ್ತು ರನ್ನಿಂಗ್ ಬೋರ್ಡಿಗೆ 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ದಪ್ಪದ ಸಿಆರ್ (ಕೋಲ್ಡ್ ರೋಲ್ಡ್) ಶೀಟ್ ತನ್ನಿ. ಮಾಡಿಗೆ ಹಾಕುವ, ಸತು ಲೇಪಿಸಿದ ಜಿಐ ಶೀಟ್ ಉಳಿದಿದೆ ಎಂದು ಅದನ್ನೇ ವೆಲ್ಡ್ ಮಾಡುವವರಿದ್ದಾರೆ. ಸತುವಿನ ಹೊಗೆ ಒಳಗೆ ಹೋದರೆ ರಾತ್ರಿ ಚಳಿಜ್ವರ ಬರುತ್ತದೆ, ವೆಲ್ಡಿಂಗೂ ಗುಳ್ಳೆ ಗುಳ್ಳೆಯಾಗುತ್ತದೆ. ಹಳೇ ತಗಡಿನ ಮೇಲೆ ಹೊಸದನ್ನು ಹೊದಿಸಬೇಡಿ. ಅಂಚಿಗೆ ಅಂಚು ತಾಗಿಸಿ ಕೂರಿಸಿ. ಹೊದಿಸಿದರೆ ನಡುವೆ ಮತ್ತೊಂದು ಸಂದಿ, ಮತ್ತೆ ಉಪ್ಪು.

ನಮ್ಮ ಹಳೇ ಟಿಂಕರ್‌ಗಳು ಗ್ಯಾಸ್ ವೆಲ್ಡಿಂಗಿನಲ್ಲೇ ಅದ್ಭುತ ಕೆಲಸ ಮಾಡಿದವರು. ಆದರೆ ಮನೆಯಲ್ಲಿ ಕಲಿಯುವವರಿಗೆ ತಂತಿ ಮತ್ತು ಕಾರ್ಬನ್ ಡೈಆಕ್ಸೈಡ್ ಗ್ಯಾಸಿನಲ್ಲಿ ನಡೆಯುವ ಸಿಒಟು ವೆಲ್ಡಿಂಗ್ ಮೆಷಿನ್ ಸುಲಭ. ತಂತಿ 0.8 ಮಿ.ಮೀ. ಇರಲಿ. ಉದ್ದಕ್ಕೆ ಗೆರೆ ಎಳೆದ ಹಾಗೆ ವೆಲ್ಡ್ ಮಾಡಬೇಡಿ, ತಗಡು ಹಪ್ಪಳದ ಹಾಗೆ ಏಳುತ್ತದೆ. ಇಲ್ಲೊಂದು ಚುಕ್ಕೆ, ಅದರ ಎದುರು ತುದಿಯಲ್ಲೊಂದು ಚುಕ್ಕೆ. ಕೈಯಲ್ಲಿ ಮುಟ್ಟುವಷ್ಟು ತಣ್ಣಗಾದ ಮೇಲೆ ನಡುವಿನ ಜಾಗ ತುಂಬಿ. ನಾಲ್ಕೈದು ಚುಕ್ಕೆಗೊಮ್ಮೆ ಬಾಗಿಲು ಮುಚ್ಚಿ ತೆರೆದು ನೋಡಿ, ಗೋಡೆಯ ಮೇಲಿನ ಅಳತೆಯ ಜೊತೆ ಹೋಲಿಸಿ. ಒಂದು ಬದಿಗೆ ಮೂರು ಭಾನುವಾರ ಬೇಕು. ಬೇಕೇ ಬೇಕು.

ಮತ್ತೆ, ವೆಲ್ಡಿಂಗ್ ಬೆಳಿಗ್ಗೆಯೇ ಮುಗಿಸಿ. ಮಧ್ಯಾಹ್ನದ ಹೊತ್ತಿಗೆ ಪಡುಗಾಳಿ ಶುರುವಾದರೆ ವೆಲ್ಡಿಂಗ್ ಕಾಯುವ ಗ್ಯಾಸನ್ನು ಹಾರಿಸಿಕೊಂಡು ಹೋಗುತ್ತದೆ, ಜೋಡಣೆ ಜಾಳಾಗುತ್ತದೆ. ಸೆಕೆ ಅಂತ ಫ್ಯಾನ್ ಹಾಕಿದರೂ ಇದೇ ಕತೆ.

ಉಪ್ಪು ತೊಳೆಯದೆ ಪ್ರೈಮರ್ ಬೇಡ

ತಗಡು ಹೊಳೆಯುತ್ತಿದೆ ಎಂದರೆ ಉಪ್ಪು ಹೋಗಿದೆ ಎಂದಲ್ಲ. ತುಕ್ಕಿನ ಸಣ್ಣ ಸಣ್ಣ ಗುಳಿಗಳಲ್ಲಿ ಅದು ಕೂತಿರುತ್ತದೆ. ಸೋಪು, ಸಿಹಿನೀರು, ಬ್ರಷ್ ಹಿಡಿದು ಎರಡು ಸಲ ತೊಳೆಯಿರಿ. ಕಡಲ ಬದಿಯವರು ಗಮನಿಸಿ, ಏಪ್ರಿಲ್ ಮೇಯಲ್ಲಿ ನಿಮ್ಮ ಬಾವಿಯ ನೀರು ಉಪ್ಪಾಗಿರಬಹುದು. ನಾಲಗೆಗೆ ಹಾಕಿ ನೋಡಿ. ಉಪ್ಪಿದ್ದರೆ ನಳ್ಳಿ ನೀರು ಬಳಸಿ. ತುಂಬೆ ಅಣೆಕಟ್ಟಿನಿಂದಲೋ ಬಜೆ ಅಣೆಕಟ್ಟಿನಿಂದಲೋ ಬರುವ ಹೊಳೆ ನೀರು ಅದು. ಆಮೇಲೆ ಬಿಸಿಗಾಳಿಯಲ್ಲಿ ಸಂದಿ ಸಂದಿ ಒಣಗಿಸಿ, ಅದೇ ದಿನ ಪ್ರೈಮರ್ ಹೊಡೆಯಿರಿ.

ಪ್ರೈಮರ್ ಯಾವುದು? ಎರಡು ಡಬ್ಬ ಬೆರೆಸುವ ಎಪಾಕ್ಸಿ. ಬೇರೆ ಯಾವುದನ್ನೂ ನಾನು ಹೇಳುವುದಿಲ್ಲ. ರೆಡ್ ಆಕ್ಸೈಡ್ ಬಳಿದು ಹಾಗೇ ಬಿಟ್ಟರೆ ಅದು ನೀರು ಹೀರುತ್ತದೆ. ಕಿಟಕಿಯ ಸರಳಿಗೆ ಆದೀತು, ಕಾರಿನ ಅಡಿಗೆ ಸಾಲದು. ತುಕ್ಕು ಕಪ್ಪಾಗಿಸುವ ಆಸಿಡ್ ಬಾಟಲಿಗಳು ಅಂಗಡಿಯಲ್ಲಿ ಸಿಗುತ್ತವೆ. ಗುಳಿಗಳಿಗೆ ಮಾತ್ರ ಹಚ್ಚಿ, ಆಮೇಲೆ ಪೂರ್ತಿ ತೊಳೆದು ಒಣಗಿಸಿ. ಆಸಿಡ್ ಉಳಿದ ಜಾಗದಲ್ಲಿ ಎಪಾಕ್ಸಿ ಹಿಡಿಯುವುದಿಲ್ಲ, ಸಿಪ್ಪೆಯ ಹಾಗೆ ಏಳುತ್ತದೆ. ತುಕ್ಕಿನ ಮೇಲೆಯೇ ಹೊಡೆಯುವ ಕಪ್ಪು ರಬ್ಬರ್ ಕೋಟಿಂಗ್ ಎಲ್ಲಕ್ಕಿಂತ ಕೆಟ್ಟದ್ದು. ಹೊರಗಿನಿಂದ ಚೆಂದ, ಒಳಗೆ ನೀರು ಹಿಡಿದಿಟ್ಟು ತಗಡು ತಿನ್ನುತ್ತದೆ. ಹಳೇ ಎಂಜಿನ್ ಆಯಿಲ್ ಬಳಿಯಲು ಹೇಳುವವರೂ ಇದ್ದಾರೆ. ಅದು ರಬ್ಬರ್ ಬುಷ್ ಹಾಳು ಮಾಡುತ್ತದೆ, ಮೊದಲ ಮಳೆಗೆ ಬಾವಿಯ ಕಡೆ ಹರಿಯುತ್ತದೆ. ಗೇರೆಣ್ಣೆ ಮಾಡಿನ ಮರದ ಪಕ್ಕಾಸಿಗೆ ಇರಲಿ. ಮಲ್ಪೆಯಲ್ಲಿ ಬೋಟಿಗೆ ಹಾಕುವ ಫೈಬರ್ ಬೋಟಿಗೇ ಚೆಂದ.

ಪ್ರೈಮರ್ ಒಣಗಿದ ಮೇಲೆ ಜೋಡಣೆಗಳಿಗೆ ಸಂದಿ ಮುಚ್ಚುವ ಸೀಮ್ ಸೀಲರ್, ಅದರ ಮೇಲೆ ಪೇಂಟು. ರನ್ನಿಂಗ್ ಬೋರ್ಡಿನ ಒಳಗೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ ಎಂಬ ಮೇಣ ಹೊಡೆಯಿರಿ. ಕೊನೆಗೆ ಒಂದು ತಂತಿ ಹಿಡಿದು ಕೆಳಗಿನ ನೀರಿಳಿಯುವ ತೂತುಗಳನ್ನೆಲ್ಲ ಬಿಡಿಸಿ. ಸೀಲರ್ ಹಚ್ಚುವ ಉತ್ಸಾಹದಲ್ಲಿ ಇವನ್ನೂ ಮುಚ್ಚಿದ ಕಾರುಗಳನ್ನು ನೋಡಿದ್ದೇನೆ. ಬಾಗಿಲಿನೊಳಗೆ ನೀರು ಕುಲುಕುವ ಸದ್ದು ಕೇಳುತ್ತಿತ್ತು.

ಬ್ರೇಕ್ ಮತ್ತು ಪೆಟ್ರೋಲ್ ಲೈನ್

ಎಂಜಿನ್ ಕೆಲಸ ಗೊತ್ತಿರುವ ಮೆಕ್ಯಾನಿಕ್‌ಗೆ ಕೊಡಿ. ನಮ್ಮೂರಲ್ಲಿ ಒಳ್ಳೆಯವರಿದ್ದಾರೆ, ಆ ಮಟ್ಟಿಗೆ ಚಿಂತೆ ಇಲ್ಲ. ಆದರೆ ಬ್ರೇಕಿನ ರಬ್ಬರ್ ಹೋಸ್, ವೀಲ್ ಸಿಲಿಂಡರ್ ಕಿಟ್, ತುಕ್ಕಾದ ಪೈಪು ಎಲ್ಲವನ್ನೂ ಹೊಸದಾಗಿ ಹಾಕಿಸಿ. ಡಾಟ್ 4 ಬ್ರೇಕ್ ಆಯಿಲ್ ಹೊಸದಿರುವಾಗ ಕನಿಷ್ಠ 230 ಡಿಗ್ರಿ ತನಕ ಕುದಿಯುವುದಿಲ್ಲ. ನೀರು ಹೀರಿಕೊಂಡ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ನಮ್ಮ ತೇವದ ಹವೆಯಲ್ಲಿ ಅದು ಬೇಗ ನೀರು ಹೀರುತ್ತದೆ. ಚಾರ್ಮಾಡಿ ಘಾಟಿ ಇಳಿಯುವಾಗ ಪೆಡಲ್ ಸ್ಪಂಜಿನ ಹಾಗಾದರೆ ಕಾರಣ ಇದೇ ಇರಬಹುದು. ವರ್ಷಕ್ಕೊಮ್ಮೆ ಬದಲಿಸಿ. ಅರ್ಧ ಉಳಿದ ಹಳೇ ಡಬ್ಬ ಬಳಸಬೇಡಿ.

ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇರುತ್ತದೆ. ಹಳೇ ರಬ್ಬರ್ ಪೈಪು ಅದಕ್ಕೆ ಮೆತ್ತಗಾಗಿ ಬಿರುಕು ಬಿಡುತ್ತದೆ. ಎಥನಾಲ್ ತಡೆಯುವ ಪೈಪನ್ನೇ ಕೇಳಿ ತನ್ನಿ, ಕಾರ್ಬುರೇಟರ್ ತನಕ ಎಲ್ಲವನ್ನೂ ಬದಲಿಸಿ.

ಮಾಡಿಫೈ ಎಷ್ಟು?

ನನ್ನ ಅಭಿಪ್ರಾಯ ಸ್ಪಷ್ಟ. ಕಾರು ಸುರಕ್ಷಿತವಾಗಿ ಓಡಲು ಬೇಕಾದ್ದನ್ನು ಮಾಡಿ, ಆಕಾರ ಮುಟ್ಟಬೇಡಿ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿ, ಮಳೆಗಾಲದ ಬೆಳಿಗ್ಗೆಗಳಲ್ಲಿ ಸ್ಟಾರ್ಟಿಂಗ್ ಸುಲಭವಾಗುತ್ತದೆ. ಹೆಡ್‌ಲೈಟಿಗೆ ರಿಲೇ ಕೊಡಿ. ಹಳೇ ಸ್ವಿಚ್ಚಿನ ಮೂಲಕವೇ ಪೂರ್ತಿ ಕರೆಂಟು ಹೋಗುವುದು ತಪ್ಪಿ ಬೆಳಕು ಜಾಸ್ತಿಯಾಗುತ್ತದೆ. ಒಳ್ಳೆಯ ರೇಡಿಯಲ್ ಟಯರ್, ಗಟ್ಟಿ ಸೀಟ್ ಬೆಲ್ಟ್ ಹಾಕಿಸಿ. ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವುದು ಬೇಡ. ನಮ್ಮ ರಸ್ತೆಯ ಹಂಪುಗಳಿಗೆ ಈಗಷ್ಟೇ ಕಟ್ಟಿದ ಆ ಅಡಿಭಾಗವನ್ನು ಯಾಕೆ ಉಜ್ಜಬೇಕು?

ಕಾನೂನೂ ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿದೆ. ಎಂಜಿನ್ ಬದಲಿಸುವ ಯೋಚನೆ ಇದ್ದರೆ ಮೊದಲು ಆರ್‌ಟಿಒ ಅನುಮತಿ, ಆಮೇಲೆ ಎಂಜಿನ್. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ಬರಬೇಕು. 15 ವರ್ಷ ದಾಟಿದ ಕಾರಾದ್ದರಿಂದ 5 ವರ್ಷಕ್ಕೊಮ್ಮೆ ನವೀಕರಣಕ್ಕೆ ಇದೇ ಕಾರನ್ನು ತೋರಿಸಬೇಕಲ್ಲ?

ಪೇಂಟು, ಆಮೇಲಿನ ಆರೈಕೆ

ಪೇಂಟಿಂಗ್ ಜನವರಿ, ಫೆಬ್ರವರಿಯಲ್ಲಿ ಮಾಡಿಸಿ, ಬೂತ್ ಇರುವ ಕಡೆ ಕೊಡಿ. ಕಂಪನಿಯ ಮೂಲ ಬಣ್ಣವೇ ಈ ಕಾರಿಗೆ ಚೆಂದ.

ಕಾರು ರಸ್ತೆಗಿಳಿದ ಮೇಲೆ ಮಲ್ಪೆ, ಪಣಂಬೂರು ಬೀಚ್ ಕಡೆ ಹೋಗಿ ಬಂದ ದಿನ ಅಡಿಭಾಗಕ್ಕೆ ಸಿಹಿನೀರು ಬಿಡಿ. ಮಳೆಗಾಲದಲ್ಲಿ ಟಾರ್ಪಾಲು ಸುತ್ತಿ ಕಟ್ಟಬೇಡಿ, ಒಳಗೆ ಬೆವರುತ್ತದೆ. ಗಾಳಿಯಾಡುವ ಶೆಡ್ ಸಾಕು. ವಾರಕ್ಕೊಮ್ಮೆ ಮಳೆ ಬಿಟ್ಟ ಹೊತ್ತಿನಲ್ಲಿ 10 ಕಿಲೋಮೀಟರ್ ಓಡಿಸಿ ತನ್ನಿ. ದೀಪಾವಳಿಯ ಹೊತ್ತಿಗೆ ಜಾಕ್ ಕೊಟ್ಟು, ಅದೇ ಸ್ಕ್ರೂ ಡ್ರೈವರ್ ಹಿಡಿದು ರನ್ನಿಂಗ್ ಬೋರ್ಡನ್ನು ಉದ್ದಕ್ಕೂ ತಟ್ಟಿ ನೋಡಿ. ಟಣ್ ಅನ್ನಬೇಕು. ಬೊದ್ದು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಆ ವಾರವೇ ಬಿಚ್ಚಿ.