ಮೊದಲು ನಂಬರ್, ಆಮೇಲೆ ಆ್ಯಪ್

ನನ್ನ ಅಂಗಡಿಯ ಗಲ್ಲೆಯ ಕೆಳಗೆ ಒಂದು ಉದ್ದನೆಯ ನೋಟ್‌ಬುಕ್ ಇದೆ. ಹೊಸಬರು ಅದನ್ನು ಉದ್ರಿ ಪುಸ್ತಕ ಅಂದುಕೊಳ್ಳುತ್ತಾರೆ. ಉದ್ರಿಗೆ ಬೇರೆ ಪುಸ್ತಕ ಇದೆ, ಅದು ಇದಕ್ಕಿಂತ ದಪ್ಪ. ಇದರಲ್ಲಿ ಇರುವುದು ನಮ್ಮ ಓಣಿಯ ಜನರ ಫೋನ್ ನಂಬರಿನ ಲೆಕ್ಕ. ಆಧಾರ್‌ಗೆ ಯಾವ ನಂಬರ್, ಬ್ಯಾಂಕಿಗೆ ಯಾವ ನಂಬರ್, ಈಗ ಜೇಬಿನಲ್ಲಿರುವುದು ಯಾವ ನಂಬರ್. ಮೂರು ಕಾಲಂ. ಮೂರರಲ್ಲೂ ಒಂದೇ ನಂಬರ್ ಇದ್ದರೆ ಹಸಿರು ಪೆನ್ನಿನಲ್ಲಿ ಒಂದು ಟಿಕ್. ಟಿಕ್ ಇದ್ದರೆ ಫೋನಿನಿಂದ ರೊಕ್ಕ ಕಳಿಸುವುದು ಸಲೀಸು. ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ ಬರೆಯುತ್ತೇನೆ. ಪಿನ್ ಹೇಳಲು ಬಂದವರನ್ನು ಬೈದು ಕಳಿಸುತ್ತೇನೆ.

ಅಂಗಡಿ ಇರುವುದು ಗೋವಾದ ಝುವಾರಿನಗರದಲ್ಲಿ. ಬಸ್ಸಿನವರು ಈಗಲೂ 'ಬಿರ್ಲಾ' ಅಂತಲೇ ಕೂಗುತ್ತಾರೆ. ಒಂದು ಕಡೆ ಗೊಬ್ಬರದ ಕಾರ್ಖಾನೆ, ಬಿಟ್ಸ್ ಪಿಲಾನಿ ಕಾಲೇಜು. ಇನ್ನೊಂದು ಕಡೆ ನಮ್ಮ ಒತ್ತೊತ್ತಾದ ಮನೆಗಳು. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ ಜಿಲ್ಲೆಯವರೇ ಜಾಸ್ತಿ. ಗೌಂಡಿಗಳು, ಚಿರೆಕಲ್ಲು ಹೊರುವವರು, ವಾಸ್ಕೋ ಬಂದರಿನ ಕಡೆ ಕೂಲಿಗೆ ಹೋಗುವವರು, ವಾಸ್ಕೋದ ಬೈನಾದಲ್ಲಿ ಬಜ್ಜಿ ಗಾಡಿ ಇಟ್ಟವರು. ನಾನು ಬಾದಾಮಿ ತಾಲ್ಲೂಕಿನವನು. 2009ರಲ್ಲಿ ಸಿಮೆಂಟ್ ಕಲಸಲು ಬಂದೆ. ಮೂರು ವರ್ಷದ ಮೇಲೆ ಬೆನ್ನು ಬೇಡ ಅಂದಿತು, ರೀಚಾರ್ಜ್ ಅಂಗಡಿ ಹಾಕಿದೆ. ಆಮೇಲೆ ಊರಿಗೆ ರೊಕ್ಕ ಕಳಿಸುವ ಕೆಲಸ, ಆಧಾರ್ ಬೆರಳಚ್ಚಿನಿಂದ ಖಾತೆಯ ರೊಕ್ಕ ತೆಗೆಯುವ ಹೆಬ್ಬೆಟ್ಟಿನ ಮಷೀನು ಒಂದೊಂದಾಗಿ ಸೇರಿಕೊಂಡವು.

2016ರ ನವೆಂಬರ್ 8ರಂದು 500, 1000ದ ನೋಟು ಬಂದ್ ಆದವು. ಅದೇ ತಿಂಗಳು ಗೋವಾ ಸರ್ಕಾರ ಇದು ದೇಶದ ಮೊದಲ ಕ್ಯಾಶ್‌ಲೆಸ್ ರಾಜ್ಯ ಆಗುತ್ತದೆ ಅಂತ ಘೋಷಿಸಿತು. ಸ್ಮಾರ್ಟ್‌ಫೋನ್ ಬೇಡ, ಬಟನ್ ಫೋನಿನಿಂದ *99# ಒತ್ತಿದರೆ ಸಾಕು, ಮೀನು, ತರಕಾರಿ ಎಲ್ಲಕ್ಕೂ ರೊಕ್ಕ ಕೊಡಬಹುದು ಅಂತ ಹೇಳಿದರು. ನನಗೆ ಖುಷಿ ಆಯಿತು. ಒಂದು ಭಾನುವಾರ ಅಂಗಡಿ ಮುಂದೆ ಬೆಂಚು ಹಾಕಿ ಹದಿನಾಲ್ಕು ಜನರನ್ನು ಕೂರಿಸಿದೆ. ಕನ್ನಡ ಆರಿಸಿಕೊಂಡರೆ ಕೆಲವು ಹಳೇ ಫೋನಿನಲ್ಲಿ ಅಕ್ಷರದ ಬದಲು ಬರೀ ಚೌಕ ಚೌಕ. ಇಂಗ್ಲಿಷ್ ಆರಿಸಿದರೆ ಓದಿ ಹೇಳುವಷ್ಟರಲ್ಲಿ ಟೈಮ್ ಮುಗಿದು ಪರದೆ ಖಾಲಿ. ಸಂಜೆವರೆಗೆ ಹೆಣಗಿದರೂ ಆಗಿದ್ದು ಇಬ್ಬರದು ಮಾತ್ರ.

ನಾನು ನೆಟ್‌ವರ್ಕನ್ನು ಬೈದೆ. ನಮ್ಮ ಜನ ಓದಿಲ್ಲ, ಅದಕ್ಕೇ ಹಿಂಗೆ ಅಂದುಕೊಂಡೆ. ಎರಡು ವರ್ಷ ಹಾಗೇ ಅಂದುಕೊಂಡಿದ್ದೆ. ಆದರೆ ಆ ದಿನ ಜಾಸ್ತಿ ಜನಕ್ಕೆ ಬಂದಿದ್ದ ಮೆಸೇಜು ಬೇರೆಯೇ ಇತ್ತು: ಈ ನಂಬರ್ ಯಾವ ಖಾತೆಗೂ ಜೋಡಣೆ ಆಗಿಲ್ಲ. ಅದನ್ನು ಓದಿಯೂ ನಾನು ಓದಿರಲಿಲ್ಲ.

ನಂಬರ್ ಯಾಕೆ ತಪ್ಪುತ್ತದೆ ಅನ್ನುವುದು ನಮ್ಮ ಓಣಿಯ ಚರಿತ್ರೆ. ಮೊದಲೆಲ್ಲ ರಾಜ್ಯದ ಗಡಿ ದಾಟಿದರೆ ರೋಮಿಂಗ್. ಫೋನ್ ಎತ್ತಿದರೂ ರೊಕ್ಕ ಹೋಗುತ್ತಿತ್ತು. ಅದಕ್ಕೆ ರೈಲಿನಿಂದ ಇಳಿದವರು ಮೊದಲು ಊರಿನ ಸಿಮ್ ತೆಗೆದು ಗೋವಾ ಸಿಮ್ ಹಾಕುತ್ತಿದ್ದರು. ಅದೂ ಎಷ್ಟೋ ಸಲ ಮೇಸ್ತ್ರಿಯ ಹೆಸರಿನಲ್ಲಿ. 2014ರಲ್ಲಿ ಜನಧನ್ ಬಂತು. ಊರಿನ ಕ್ಯಾಂಪಿನಲ್ಲಿ ಖಾತೆ ತೆಗೆಸುವಾಗ ಫೋನ್ ಇಲ್ಲದವರು ಅಳಿಯನ ನಂಬರ್, ಪಕ್ಕದ ಮನೆ ಹುಡುಗನ ನಂಬರ್ ಕೊಟ್ಟರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಫುಕಟ್ ಅಂತ ಎಲ್ಲರೂ ಇನ್ನೊಂದು ಸಿಮ್ ತಗೊಂಡರು. 2018ರ ಕೊನೆಗೆ ಕಂಪನಿಗಳು ತಿಂಗಳ ರೀಚಾರ್ಜ್ ಇಲ್ಲದಿದ್ದರೆ ಇನ್‌ಕಮಿಂಗ್ ಕೂಡ ಬಂದ್ ಅಂದವು. ಆಗ ಜನ ಎರಡರಲ್ಲಿ ಒಂದು ಸಿಮ್ ಬಿಟ್ಟರು. ಬಿಟ್ಟದ್ದು ಹಳೆಯದನ್ನು. ಬ್ಯಾಂಕಿಗೆ ಗೊತ್ತಿದ್ದದ್ದು ಅದೊಂದೇ.

ಬಂದ್ ಆದ ನಂಬರ್ ಸತ್ತು ಹೋಗುವುದಿಲ್ಲ. 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಇದು ನನಗೆ ಗೊತ್ತಾಗಿದ್ದು ಒಬ್ಬ ಗೌಂಡಿ ಕಾಕಾನ ಕೇಸಿನಲ್ಲಿ. ಅವರ ಬ್ಯಾಂಕಿನಲ್ಲಿ ಇದ್ದದ್ದು ಹಳೇ ಗೋವಾ ನಂಬರ್. ಸುಮ್ನೆ ನೋಡೋಣ ಅಂತ ಅದಕ್ಕೆ ಫೋನ್ ಮಾಡಿದೆ. ಕೊಲ್ಹಾಪುರದಿಂದ ಒಬ್ಬ ಹುಡುಗಿ ಎತ್ತಿದಳು. ಮುಂಬೈ ಬಿಟ್ಟು ಉಳಿದ ಮಹಾರಾಷ್ಟ್ರ ಮತ್ತು ಗೋವಾ ಟೆಲಿಕಾಂ ಲೆಕ್ಕದಲ್ಲಿ ಒಂದೇ ಸರ್ಕಲ್, ನಂಬರ್ ಅಲ್ಲಿಗೂ ಹೋಗಬಹುದು. ಆಕೆ ನಗುತ್ತಾ ಮರಾಠಿಯಲ್ಲಿ, 'ಹೌದು, ಯಾರದೋ ಪಗಾರ ಜಮಾ ಆದ ಮೆಸೇಜ್ ನನಗೆ ಬರುತ್ತಿರುತ್ತದೆ' ಅಂದಳು. ಪಾಪ, ಒಳ್ಳೆ ಹುಡುಗಿ. ಕಾಕಾ ಮಾತ್ರ ಆ ದಿನ ಚಹಾ ಕುಡಿಯಲಿಲ್ಲ. 'ನನ್ನ ಪಗಾರ ನನ್ನ ಹೆಂಡ್ತಿಗೆ ಗೊತ್ತಿಲ್ಲ, ಕೊಲ್ಹಾಪುರಕ್ಕ ಗೊತ್ತೈತಿ' ಅಂದರು.

ಅವತ್ತು ರಾತ್ರಿಯೇ ನೋಟ್‌ಬುಕ್ ಶುರು ಮಾಡಿದೆ.

ಮೊದಲ ಕೆಲಸ, ಜೀವನಪೂರ್ತಿ ಇಟ್ಟುಕೊಳ್ಳುವ ಒಂದು ನಂಬರ್ ಆರಿಸುವುದು. ಬ್ಯಾಂಕಿನಲ್ಲಿರುವ ನಂಬರ್ ಇನ್ನೂ ಜೀವಂತ ಇದ್ದು, ಸಿಮ್ ಅವರದೇ ಹೆಸರಿನಲ್ಲಿದ್ದರೆ ಅದೇ ಗಟ್ಟಿ. ಯಾಕೆಂದರೆ ಬ್ಯಾಂಕಿನಲ್ಲಿ ಬದಲಿಸುವುದು ಎಲ್ಲಕ್ಕಿಂತ ಕಷ್ಟ. ಕಂಪನಿ ಇಷ್ಟ ಇಲ್ಲದಿದ್ದರೆ ಪೋರ್ಟ್ ಮಾಡಿಸುತ್ತೇನೆ. 2015ರ ಜುಲೈನಿಂದ ರಾಜ್ಯ ಬದಲಾದರೂ ನಂಬರ್ ಉಳಿಸಿಕೊಂಡು ಪೋರ್ಟ್ ಮಾಡಬಹುದು. ನಮ್ಮಲ್ಲಿ ಇದು ಹತ್ತರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಎರಡನೆಯದು ಆಧಾರ್. 'ಊರಿಗೆ ಹೋಗಿ ಮಾಡಿಸಬೇಕು' ಅಂತ ಎಲ್ಲರೂ ನಂಬಿದ್ದರು. ಹಾಗೇನಿಲ್ಲ. ದೇಶದ ಯಾವ ಆಧಾರ್ ಕೇಂದ್ರದಲ್ಲಾದರೂ ಆಗುತ್ತದೆ. ಮೊಬೈಲ್ ನಂಬರ್ ಬದಲಿಸಲು ಯಾವ ಕಾಗದವೂ ಬೇಡ, ಬೆರಳು ಸಾಕು. ನಾವು ಮಾಡಿಸುವಾಗ ಫೀ 50 ರೂಪಾಯಿ ಇತ್ತು. ಆದರೆ ನಿಜವಾದ ಖರ್ಚು ಅದಲ್ಲ. ಬೆಳಿಗ್ಗೆ ಹೋಗಿ ಟೋಕನ್ ಹಿಡಿಯಬೇಕು, ಸರದಿ ಬರುವಷ್ಟರಲ್ಲಿ ಮಧ್ಯಾಹ್ನ. ಒಂದು ದಿನದ ಕೂಲಿ ಹೋಯಿತು. ಸರ್ವರ್ ಡೌನ್ ಅಂದರೆ ಇನ್ನೊಂದು ದಿನದ್ದೂ ಹೋಯಿತು. 50 ರೂಪಾಯಿ ಕೆಲಸಕ್ಕೆ 800 ರೂಪಾಯಿ ಕಳೆದುಕೊಂಡವರು ನಮ್ಮ ಓಣಿಯಲ್ಲಿ ಬಹಳ. 'ಜನಕ್ಕೆ ಅರಿವು ಇಲ್ಲ' ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅರಿವು ಇದೆ ಸ್ವಾಮಿ, ರಜೆ ಇಲ್ಲ.

ಇದಕ್ಕೆ ದಾರಿ ತೋರಿಸಿದ್ದು ಅಂಚೆ. 2021ರ ಜುಲೈನಿಂದ ಪೋಸ್ಟ್‌ಮ್ಯಾನ್‌ಗಳೇ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಮೂಲಕ ಮನೆ ಬಾಗಿಲಲ್ಲಿ ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಲು ಶುರು ಮಾಡಿದರು. ನಾನು ಹೋಗಿ ಕೇಳಿಕೊಂಡೆ. ಸಂಜೆ ಕೂಲಿಯವರು ಮರಳುವ ಹೊತ್ತಿಗೆ ಅಂಚೆಯಣ್ಣ ನನ್ನ ಅಂಗಡಿಗೆ ಬಂದರು. ಮೊದಲ ಸಂಜೆ ಒಂಬತ್ತು, ಮರುವಾರ ಹದಿನೇಳು. ಯಾರ ಕೂಲಿಯೂ ಹೋಗಲಿಲ್ಲ.

ಬೆರಳಿನದೇ ಒಂದು ಕತೆ. ಸಿಮೆಂಟ್, ಚಿರೆಕಲ್ಲು, ಮೀನು, ಈ ಮೂರೂ ಬೆರಳಿನ ಗೆರೆ ತಿನ್ನುತ್ತವೆ. ಮಷೀನ್ ಮೇಲೆ ಹೆಬ್ಬೆಟ್ಟು ಇಟ್ಟರೆ 'ಹೊಂದಿಕೆ ಆಗಿಲ್ಲ'. ವರ್ಷಗಟ್ಟಲೆ ನೋಡಿ ನಾನು ಕಲಿತದ್ದು ಇಷ್ಟು. ಹೆಬ್ಬೆಟ್ಟು, ತೋರುಬೆರಳು ಹೆಚ್ಚು ಸವೆದಿರುತ್ತವೆ, ಉಂಗುರ ಬೆರಳು ಇಟ್ಟು ನೋಡಿ. ಕೈ ತೊಳೆದು, ಒಂದು ಹನಿ ಕೊಬ್ಬರಿ ಎಣ್ಣೆ ತಿಕ್ಕಿ, ಒರೆಸಿ ಇಡಿ. ಊರಿಗೆ ಹೋಗಿ ಹತ್ತು ದಿನ ಕೂತು ಬಂದವರ ಬೆರಳು ಚೆನ್ನಾಗಿ ಓದುತ್ತದೆ, ಅವರ ಕೆಲಸ ಬಂದ ಮರುದಿನವೇ ಮುಗಿಸಿ. ಇನ್ನೊಂದು ಮಾತು. ಬೆರಳು ಒತ್ತಿಸಿಕೊಂಡು 'ಆಗಲಿಲ್ಲ' ಅಂತ ಸುಳ್ಳು ಹೇಳಿ ರೊಕ್ಕ ಎತ್ತುವ ಕಳ್ಳರೂ ಈ ಧಂಧೆಯಲ್ಲಿ ಇದ್ದಾರೆ. ಅದಕ್ಕೆ ನಾನು ಪ್ರತಿ ಸಲ ರಸೀದಿ ಕೊಡುತ್ತೇನೆ, ಬ್ಯಾಲೆನ್ಸ್ ಕಿವಿಯಲ್ಲಿ ಓದಿ ಹೇಳುತ್ತೇನೆ. ಕೂಗಿ ಹೇಳಿದರೆ ಸಾಲ ಕೇಳುವವರು ಹಿಂದೆಯೇ ನಿಂತಿರುತ್ತಾರೆ.

ಮೂರನೆಯದು ಬ್ಯಾಂಕ್. ಖಾತೆ ಊರಿನ ಬ್ರಾಂಚಿನಲ್ಲಿ, ಮನುಷ್ಯ ಇಲ್ಲಿ. ಇದಕ್ಕೆ ನನಗೆ ಸಿಕ್ಕ ಉಪಾಯ ಬನಶಂಕರಿ ಜಾತ್ರೆ. ಜಾತ್ರೆಗೆ ಅರ್ಧ ಓಣಿ ಖಾಲಿ ಆಗುತ್ತದೆ. ಹೊರಡುವ ಮೊದಲೇ ಕನ್ನಡದಲ್ಲಿ ಅರ್ಜಿ ಬರೆದು, ಆಧಾರ್ ಝೆರಾಕ್ಸ್ ಪಿನ್ ಮಾಡಿ, ಪಾಸ್‌ಬುಕ್ಕಿನೊಳಗೆ ಇಟ್ಟು ಕೊಡುತ್ತೇನೆ. 'ತೇರು ಎಳೆಯೋ ಮೊದಲು ಬ್ಯಾಂಕ್' ಅಂತ ಹೇಳಿ ಕಳಿಸುತ್ತೇನೆ. ಅರ್ಧದಷ್ಟು ಜನ ಮಾಡಿಸಿಕೊಂಡು ಬರುತ್ತಾರೆ. ಉಳಿದವರು ಮಿರ್ಚಿ ಭಜಿ ತಿಂದು ಬರುತ್ತಾರೆ.

ಇಲ್ಲಿ ನನ್ನ ಒಂದು ತಪ್ಪೂ ಇದೆ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ಸೇರಿತು. ಹಳೇ ಐಎಫ್‌ಎಸ್‌ಸಿ ಕೋಡ್, ಅಂದರೆ ಬ್ರಾಂಚಿನ ಗುರುತು, 2021ರ ಜುಲೈ 1ರಿಂದ ನಡೆಯಲಿಲ್ಲ. ನಾನು ಹಳೇ ಪಾಸ್‌ಬುಕ್ ನೋಡಿ ಹಳೇ ಕೋಡನ್ನೇ ಹಾಕಿದೆ. ಒಬ್ಬ ತಾಯಿಯ ಔಷಧಿಯ ರೊಕ್ಕ ನಾಲ್ಕು ದಿನ ನಡುವೆ ನೇತಾಡಿತು. ಆಮೇಲೆ ಮರಳಿ ಬಂತು, ಆದರೆ ಆ ನಾಲ್ಕು ದಿನ ಅವರ ಮಗ ನನ್ನ ಅಂಗಡಿ ಮೆಟ್ಟಿಲ ಮೇಲೆ ಕೂತಿದ್ದ. ಈಗ ಕೋಡ್ ಎರಡು ಸಲ ನೋಡುತ್ತೇನೆ.

ಈ ಮೂರೂ ಆದ ಮೇಲೆ ಯುಪಿಐ ಹತ್ತು ನಿಮಿಷದ ಕೆಲಸ. ಮೊದಲು ಪಿನ್ ಇಡಲು ಎಟಿಎಂ ಕಾರ್ಡ್ ಬೇಕಾಗಿತ್ತು. ನಮ್ಮವರ ಕಾರ್ಡ್ ಊರಲ್ಲಿ ಟ್ರಂಕಿನೊಳಗೆ. ಆಮೇಲೆ ಆಧಾರ್ ಒಟಿಪಿಯಿಂದ ಪಿನ್ ಇಡುವ ದಾರಿ ಬಂತು, ಆದರೆ ಅದಕ್ಕೆ ಬ್ಯಾಂಕಿನಲ್ಲೂ ಆಧಾರ್‌ನಲ್ಲೂ ಒಂದೇ ನಂಬರ್ ಇರಬೇಕು. ಹಸಿರು ಟಿಕ್ ಇದ್ದವರೆಲ್ಲ ಒಂದೇ ವಾರದಲ್ಲಿ ದಾಟಿದರು.

ಈಗ ನನ್ನ ಹೊಟ್ಟೆಯ ವಿಷಯ. ಶನಿವಾರ ಸಂಜೆ ಪಗಾರ, ಭಾನುವಾರ ನನ್ನ ಅಂಗಡಿ ಮುಂದೆ ಸಾಲು. ಊರಿಗೆ ಸಾವಿರ ಕಳಿಸಿದರೆ ಹತ್ತು ರೂಪಾಯಿ ಚಾರ್ಜು, ಅದರಲ್ಲಿ ನನ್ನ ಪಾಲು. ರೀಚಾರ್ಜಿಗಿಂತ ಇದರಲ್ಲೇ ನನ್ನ ಮನೆ ನಡೆಯುತ್ತಿತ್ತು. ಯುಪಿಐ ಕಲಿಸಿದ ಪ್ರತಿಯೊಬ್ಬರೂ ಆ ಸಾಲಿನಿಂದ ಹೊರಗೆ ಹೋದರು. ಹೆಂಡತಿ ಕೇಳಿದಳು, 'ನಿನ್ನ ಕಾಲ ಮ್ಯಾಲ ನೀನೇ ಕಲ್ಲ ಹಾಕ್ಕೊಳ್ಳೋದು ಯಾವ ಶಾಣ್ಯಾತನ?' ಉತ್ತರ ಇರಲಿಲ್ಲ. 2020ರ ಜನವರಿಯಿಂದ ಯುಪಿಐ ತೆಗೆದುಕೊಳ್ಳುವ ಅಂಗಡಿಯವರಿಗೆ ಚಾರ್ಜಿಲ್ಲ, ಒಳ್ಳೆಯದೇ. ಆದರೆ ಕೂತು ಕಲಿಸುವವನಿಗೆ ಯಾರೂ ಏನೂ ಕೊಡುವುದಿಲ್ಲ. ಎರಡು ವರ್ಷ ಪುಕ್ಕಟೆ ಮಾಡಿದೆ. ಈಗ 'ನಂಬರ್ ಸರಿ ಮಾಡುವ' ಕೆಲಸಕ್ಕೆ 50 ರೂಪಾಯಿ ತಗೊಳ್ಳುತ್ತೇನೆ. ಕೆಲವರು ಗೊಣಗುತ್ತಾರೆ. ಗೊಣಗಲಿ.

ಹೆಂಗಸರು ಮಾತ್ರ ಬಹಳ ದಿನ ಈ ಕಡೆ ಬರಲೇ ಇಲ್ಲ. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್, ಅದು ಗಂಡನದೋ ಮಗನದೋ. ಅದನ್ನು ಬದಲಿಸಿದ್ದು ಕರ್ನಾಟಕದ ಗೃಹಲಕ್ಷ್ಮಿ. 2023ರ ಆಗಸ್ಟ್ 30ಕ್ಕೆ ಶುರು ಆಯಿತು, ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000. ರೇಷನ್ ಕಾರ್ಡ್ ಊರಲ್ಲೇ ಇದ್ದವರಿಗೆ ರೊಕ್ಕ ಬರಬೇಕಿತ್ತು. 'ಬಂದೈತಂತ, ಆದ್ರ ನನ್ನ ಪಾಸ್‌ಬುಕ್ಕಿನ್ಯಾಗ ಇಲ್ಲ' ಅಂತ ಒಬ್ಬ ಅಕ್ಕ ಬಂದರು. ನೋಡಿದರೆ, ಇಂಥ ರೊಕ್ಕ ನಾವು ಕೊಟ್ಟ ಖಾತೆಗೆ ಹೋಗುವುದಿಲ್ಲ. ಆಧಾರ್‌ಗೆ ಕೊನೆಗೆ ಯಾವ ಬ್ಯಾಂಕ್ ಜೋಡಿಸಿರುತ್ತೇವೋ ಅಲ್ಲಿಗೆ ಹೋಗುತ್ತದೆ. ಅಕ್ಕ ಯಾವಾಗಲೋ ಗೋವಾದಲ್ಲಿ ಒಂದು ಖಾತೆ ತೆಗೆದು ಮರೆತಿದ್ದರು. ಐದು ತಿಂಗಳ ರೊಕ್ಕ ಅಲ್ಲಿ ಸುಮ್ಮನೆ ಮಲಗಿತ್ತು. ಅವರು ಮೊದಲು ಮಾಡಿದ ಕೆಲಸ, ತಮ್ಮ ಹೆಸರಿನಲ್ಲಿ ಸಿಮ್ ತಗೊಂಡದ್ದು. ಆಮೇಲೆ ಅವರ ಗೆಳತಿಯರು ಬಂದರು. ನನ್ನ ನೋಟ್‌ಬುಕ್ಕಿಗೆ ಎರಡನೇ ಭಾಗ ಬೇಕಾಯಿತು.

ಕಲಿತವರು ಹಿಂದೆ ಸರಿದದ್ದೂ ಇದೆ. 2025ರ ಜುಲೈನಲ್ಲಿ ಕರ್ನಾಟಕದಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋದವು. ಸುದ್ದಿ ವಾಟ್ಸಾಪಿನಲ್ಲಿ ಘಟ್ಟ ಇಳಿಯಲು ಒಂದು ದಿನವೂ ಬೇಕಾಗಲಿಲ್ಲ. ಬೈನಾದ ಬಜ್ಜಿ ಗಾಡಿಯಾತ ಕ್ಯೂಆರ್ ಕಿತ್ತು ಹಾಕಿದ, ರೊಕ್ಕ ಬಂತು ಅಂತ ಮಾತಾಡುವ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟ. ನಾನು ಕೂತು ಲೆಕ್ಕ ಹಾಕಿ ತೋರಿಸಿದೆ. ದಿನಕ್ಕೆ 1,500 ಅಂದರೂ, ಒಂದು ದಿನ ರಜೆ ಇಲ್ಲದೆ, ವರ್ಷಕ್ಕೆ ಐದೂವರೆ ಲಕ್ಷ. ಜಿಎಸ್‌ಟಿ ನೋಂದಣಿಗೆ ಮಿತಿ ಇರುವುದು ಸೇವೆಗೆ 20 ಲಕ್ಷ, ಸರಕಿಗೆ 40 ಲಕ್ಷ. ತಲೆ ಆಡಿಸಿದ. ಕ್ಯೂಆರ್ ಮತ್ತೆ ಅಂಟಿಸಲು ಎರಡು ತಿಂಗಳು ತಗೊಂಡ. ನನ್ನ ಲೆಕ್ಕ ನೋಡಿ ಅಲ್ಲ, ಪಕ್ಕದ ಗಾಡಿಗೆ ಗಿರಾಕಿ ಹೋಗುವುದನ್ನು ನೋಡಿ.

ಹಸಿರು ಟಿಕ್ ಒಮ್ಮೆ ಬಿದ್ದರೆ ಮುಗಿಯಿತು ಅಂತಲೂ ಇಲ್ಲ. 2024ರ ಜುಲೈನಲ್ಲಿ ದರ ಏರಿದ ಮೇಲೆ ಖಾಸಗಿ ಕಂಪನಿಗಳ ಅತಿ ಕಡಿಮೆ ತಿಂಗಳ ರೀಚಾರ್ಜ್ 200ರ ಆಸುಪಾಸಿಗೆ ಬಂತು. ಮಳೆಗಾಲದಲ್ಲಿ ಕೆಲಸ ನಿಂತಾಗ ಮೊದಲು ನಿಲ್ಲುವುದು ರೀಚಾರ್ಜ್. ರೀಚಾರ್ಜ್ ಇಲ್ಲ ಅಂದರೆ ಒಟಿಪಿ ಇಲ್ಲ, ಒಟಿಪಿ ಇಲ್ಲ ಅಂದರೆ ಖಾತೆಯಲ್ಲಿ ರೊಕ್ಕ ಇದ್ದೂ ಕೈಗಿಲ್ಲ. ಫೋನ್ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ ಟ್ರಾಯ್ ಹೇಳಿದ ಮೇಲೆ 2025ರ ಜನವರಿಯಲ್ಲಿ ಡೇಟಾ ಇಲ್ಲದ, ಬರೀ ಕಾಲ್ ಮತ್ತು ಮೆಸೇಜಿನ ಪ್ಯಾಕುಗಳು ಬಂದವು. ವಯಸ್ಸಾದವರಿಗೆ ಅದನ್ನೇ ಹಾಕುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲವರ ರೀಚಾರ್ಜ್ ನನ್ನ ಉದ್ರಿ ಪುಸ್ತಕದಲ್ಲಿ ನಡೆಯುತ್ತದೆ. ಆ ಪುಸ್ತಕ ದಪ್ಪ ಆಗಲು ಅದೂ ಒಂದು ಕಾರಣ.

ಗೌಂಡಿ ಕಾಕಾನ ಸಾಲಿನಲ್ಲಿ ಆಧಾರ್ ಕಾಲಂ ಸರಿಯಾಗಿದೆ, ಜೇಬಿನದೂ ಸರಿಯಾಗಿದೆ. ಬ್ಯಾಂಕ್ ಬಾಕಿ. ಎರಡು ಜಾತ್ರೆ ಆಯಿತು, ಎರಡು ಸಲವೂ ಮಿರ್ಚಿ ಭಜಿ. ಈ ಸಲ ಅರ್ಜಿಯನ್ನು ಅವರ ಕೈಗೆ ಕೊಡಲಿಲ್ಲ, ಕಾಕಿಯ ಕೈಗೆ ಕೊಟ್ಟಿದ್ದೇನೆ. ನಿನ್ನೆ ರಾತ್ರಿ ರೈಲು ಹತ್ತಿದರು. ಗೋವಾದ ಕುಳೆ ಸ್ಟೇಷನ್ ದಾಟಿದರೆ ಕ್ಯಾಸಲ್ ರಾಕ್‌ವರೆಗೆ ಘಟ್ಟದಲ್ಲಿ ಸಿಗ್ನಲ್ ಸಿಗುವುದು ಕಷ್ಟ. ಅದಕ್ಕೆ ಮೊದಲೇ ಕಾಕಿ ಫೋನ್ ಮಾಡಿ ಕೇಳಿದರು, 'ಸೋಮವಾರ ಬ್ಯಾಂಕ್ ಎಷ್ಟಕ್ಕ ತೆಗೀತೈತಿ?'