ಕುದುರೆಮುಖ ಹತ್ತುವವರು ಬೆಳಗಿನ ಬಿಸಿಲು ನಂಬಬೇಡಿ
ಚಾರಣ ಶುರುವಾಗುವ ಮುಳ್ಳೋಡಿ ಹಳ್ಳಿಯಿಂದ ಕುದುರೆಮುಖ ಶಿಖರಕ್ಕೆ ಹೋಗುವವರು ಬಿಸಿಲಿದೆ ಅಂತ ರೇನ್‌ಕೋಟ್ ಬಿಟ್ಟು ಹೊರಡಬೇಡಿ. ಸಮುದ್ರದ ಕಡೆಯ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತಲೇ ಮೋಡ ಕಟ್ಟುತ್ತೆ. ನೋಡನೋಡುತ್ತಲೇ ಮುಂದಿರುವವರ ಬ್ಯಾಗೂ ಕಾಣಲ್ಲ. ಕಣಿವೆಗಳಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡು ದಾಟಿ ಹುಲ್ಲುಗಾವಲಿಗೆ ಬಂದರೆ ಗಾಳಿಗೆ ಮರೆಯೇ ಇಲ್ಲ, ಅಲ್ಲಿ ಕೊಡೆ ದಂಡ. ಜೀನ್ಸ್, ಕಾಟನ್ ಟೀ ಶರ್ಟ್ ನೆನೆದರೆ ಮೈಗಂಟಿ ನಡುಕ ಹತ್ತಿಸುತ್ತವೆ. ಬೇಗ ಒಣಗುವ ಬಟ್ಟೆ ಹಾಕಿ, ಇನ್ನೊಂದು ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿಡಿ. ಇಂಬಳಕ್ಕೆ (ಜಿಗಣೆಗೆ) ಉಪ್ಪಿನ ಪೊಟ್ಟಣ ಸಾಕು.

ನನಗೆ ಹೆಚ್ಚು ಭಯ ಹಳ್ಳಗಳದ್ದು. ಹೋಗುವಾಗ ಪಾದ ಮುಳುಗುವಷ್ಟಿದ್ದ ನೀರು, ಮೇಲೆ ಮಳೆ ಹೊಯ್ದರೆ ಬರುವಾಗ ಮೊಣಕಾಲು ದಾಟಿರುತ್ತೆ. ನೀರು ಕೆಂಪಾಗಿ, ಕಸಕಡ್ಡಿ ತೇಲಿ ಬರ್ತಿದ್ದರೆ ದಯವಿಟ್ಟು ಇಳಿಯಬೇಡಿ, ದಡದಲ್ಲೇ ಕಾಯಿರಿ. ಗೈಡ್ ‘ವಾಪಸ್ ಹೋಗೋಣ’ ಅಂದರೆ ವಾದ ಬೇಡ.